ಹಳೆಯದರ ಹೆಸರಲ್ಲಿ ಹೊಸದು: ಸಾಂಗ್ ಕಾಲದ ಚೀನಾದಲ್ಲಿ ಸಂಪ್ರದಾಯ ಯಾರ ಕಡೆ ಇತ್ತು?

ಹಳೇಪೇಟೆ:

ಮಧ್ಯಯುಗದ ಚೀನಾ ಅಂದ ತಕ್ಷಣ ತುಂಬಾ ಜನ ಒಂದೇ ಮಾತು ಹೇಳುತ್ತಾರೆ. ಅಲ್ಲಿ ಎಲ್ಲವೂ ಕನ್‌ಫ್ಯೂಷಿಯಸ್ ಹೇಳಿದ ಹಾಗೆ, ಹಿರಿಯರು ಮಾಡಿದ ಹಾಗೆ, ಸಾವಿರ ವರ್ಷ ಏನೂ ಅಲುಗಾಡಲಿಲ್ಲ ಅಂತ. ಸಾಂಗ್ ರಾಜವಂಶದ ಕಾಲವನ್ನು (960ರಿಂದ 1279) ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲುವುದಿಲ್ಲ. 'ಸಂಪ್ರದಾಯದವರು ಈ ಕಡೆ, ಬದಲಾವಣೆಯವರು ಆ ಕಡೆ' ಅಂತ ಗೆರೆ ಎಳೆಯುವುದಕ್ಕೂ ಆಗುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

1067ರಲ್ಲಿ ಷೆನ್‌ಜೋಂಗ್ ಪಟ್ಟಕ್ಕೆ ಬಂದ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಖಜಾನೆ ಸೊರಗಿತ್ತು. ಉತ್ತರದ ಖಿತಾನರ ಜೊತೆ 1005ರಲ್ಲಿ ಆದ ಒಪ್ಪಂದದ ಪ್ರಕಾರ ವರ್ಷವರ್ಷವೂ ಬೆಳ್ಳಿ, ರೇಷ್ಮೆ ಕಳಿಸಬೇಕಿತ್ತು. ವಾಯುವ್ಯದಲ್ಲಿ ಟಂಗುಟರ ಕಾಟ ಬೇರೆ. ಲೆಕ್ಕದ ಪುಸ್ತಕದಲ್ಲಿ ಹತ್ತು ಲಕ್ಷ ಸೈನಿಕರು, ಹಾಗಾಗಿ ಬಂದ ಆದಾಯದ ದೊಡ್ಡ ಪಾಲು ಅವರ ಸಂಬಳಕ್ಕೇ ಹೋಗುತ್ತಿತ್ತು. ಹುಡುಗ ರಾಜ ವಾಂಗ್ ಅನ್‌ಷಿ ಎಂಬ ಅಧಿಕಾರಿಯನ್ನು ಕರೆಸಿ 1069ರಲ್ಲಿ ಕೆಲಸ ಒಪ್ಪಿಸಿದ. ಅಲ್ಲಿಂದ ಮೂರು ನಾಲ್ಕು ವರ್ಷದಲ್ಲಿ ಏನೇನು ಬಂತು ನೋಡಿ: ರೈತರಿಗೆ ಸರ್ಕಾರಿ ಸಾಲ, ಸರದಿ ಮೇಲೆ ಮಾಡಬೇಕಿದ್ದ ಬಿಟ್ಟಿ ಚಾಕರಿಯ ಬದಲು ದುಡ್ಡಿನ ತೆರಿಗೆ, ಹಳ್ಳಿ ಮನೆಗಳನ್ನು ಹತ್ತು ಹತ್ತು ಸೇರಿಸಿ ಕಾವಲು ಪಡೆ, ಹೊಲ ಅಳೆದು ತೆರಿಗೆ ಸರಿಪಡಿಸುವುದು, ರಾಜಧಾನಿ ಕೈಫೆಂಗ್‌ನಲ್ಲಿ ಮಾರಾಟವಾಗದ ಸರಕನ್ನು ಸರ್ಕಾರವೇ ಕೊಳ್ಳುವ ಕಚೇರಿ. ಎಲ್ಲಕ್ಕೂ ಸೇರಿ 'ಹೊಸ ಕಾನೂನುಗಳು' ಅಂತ ಹೆಸರು.

ಹೆಸರು ಹೊಸದು. ಆದರೆ ವಾಂಗ್ ಆಧಾರವಾಗಿ ಹಿಡಿದದ್ದು 'ಝೌ ಲಿ' ಎಂಬ ಪ್ರಾಚೀನ ಗ್ರಂಥವನ್ನು. ಸಾವಿರ ವರ್ಷಕ್ಕೂ ಹಿಂದೆ ಝೌ ಅರಸರ ಆಡಳಿತದಲ್ಲಿ ಯಾವ ಯಾವ ಕಚೇರಿ ಇತ್ತು, ಯಾರು ಏನು ಮಾಡಬೇಕಿತ್ತು ಅಂತ ಹೇಳುವ ಪುಸ್ತಕ ಅದು. ಅವನ ದೊಡ್ಡ ವಿರೋಧಿ ಸಿಮಾ ಗುವಾಂಗ್ ಹಿಡಿದದ್ದು 'ಪೂರ್ವಜರ ಕಾನೂನು'. ಯಾವ ಪೂರ್ವಜರು? ಸಾಂಗ್ ವಂಶ ಕಟ್ಟಿದವರು. ಬರೀ ನೂರು ವರ್ಷದ ಹಿಂದಿನವರು. ಈಗ ಹೇಳಿ, ಇವರಿಬ್ಬರಲ್ಲಿ ಸಂಪ್ರದಾಯಸ್ಥ ಯಾರು?

ಕಾಫಿಪುಡಿ:

ಇದು ಎಲ್ಲ ಕಾಲದಲ್ಲೂ ನಡೆಯುವ ಆಟ ಅಲ್ವಾ? ಹೊಸದೇನಾದರೂ ಮಾಡಬೇಕು ಅಂದರೆ 'ಇದು ಶಾಸ್ತ್ರದಲ್ಲೇ ಇದೆ' ಅಂದುಬಿಟ್ಟರೆ ಎದುರಾಳಿ ಬಾಯಿ ಕಟ್ಟಿದ ಹಾಗೆ. ವಾಂಗ್‌ಗೆ ಬೇಕಾಗಿದ್ದದ್ದು ದುಡ್ಡು, ಸೈನ್ಯ. ಗ್ರಂಥ ಬರೀ ನೆಪ.

'ಆಕಾಶದ ಉತ್ಪಾತಕ್ಕೆ ಹೆದರಬೇಕಿಲ್ಲ, ಪೂರ್ವಜರನ್ನು ಅನುಸರಿಸಬೇಕಿಲ್ಲ, ಜನರ ಮಾತಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ' ಅಂತ ಅವನು ಹೇಳಿದ್ದ ಅಂತಾರೆ. ಶಾಸ್ತ್ರ ನಂಬುವವನ ಮಾತಾ ಇದು?

ಹಳೇಪೇಟೆ:

ಆ ಮೂರು ಮಾತು ಅವನ ತಲೆಗೆ ಕಟ್ಟಿದವರು ವಿರೋಧಿಗಳು. 1070ರಲ್ಲಿ ರಾಜನೇ ಅವನನ್ನು ಕರೆದು 'ಹೀಗೆಲ್ಲ ಜನ ಮಾತಾಡುತ್ತಿದ್ದಾರಲ್ಲ' ಅಂತ ಕೇಳಿದ. ಪೂರ್ವಜರ ವಿಷಯಕ್ಕೆ ವಾಂಗ್ ಕೊಟ್ಟ ಉತ್ತರ ದಾಖಲೆಯಲ್ಲಿದೆ. ಹಿಂದಿನ ರೆನ್‌ಜೋಂಗ್ ದೊರೆ ನಲವತ್ತು ವರ್ಷ ಆಳಿದ, ಅಷ್ಟರಲ್ಲೇ ಎಷ್ಟೋ ಸಲ ಕಾನೂನು ತಿದ್ದಿಸಿದ, ಒಮ್ಮೆ ಮಾಡಿದ ಕಾನೂನನ್ನು ಮಕ್ಕಳು ಮೊಮ್ಮಕ್ಕಳು ಹಾಗೇ ಇಟ್ಟುಕೊಳ್ಳಬೇಕು ಅನ್ನುವುದಾದರೆ ಪೂರ್ವಜರೇ ಯಾಕೆ ಮತ್ತೆ ಮತ್ತೆ ಬದಲಿಸಿದರು ಅಂತ. ಕೇಳಿದವರಿಗೆ ಸಿಟ್ಟು ಬರುವ ಉತ್ತರ. ಆದರೆ ತಪ್ಪು ಹುಡುಕುವುದು ಕಷ್ಟ.

ನೆಪ ಅನ್ನುವುದಕ್ಕೆ ನನಗೆ ಇನ್ನೊಂದು ಅಡ್ಡಿ ಇದೆ. ನೆಪಕ್ಕೆ ಗ್ರಂಥ ಬೇಕಿದ್ದರೆ 'ಝೌ ಲಿ'ಯಷ್ಟು ಕೆಟ್ಟ ಆಯ್ಕೆ ಬೇರೆ ಇರಲಿಲ್ಲ. ಸಾವಿರ ವರ್ಷದ ಹಿಂದೆ ವಾಂಗ್ ಮಾಂಗ್ ಎಂಬುವನು ಹಾನ್ ವಂಶದ ಸಿಂಹಾಸನ ಕಿತ್ತುಕೊಂಡು, ಇದೇ ಗ್ರಂಥ ತೋರಿಸಿ ಜಮೀನು, ನಾಣ್ಯ ಎಲ್ಲ ಬದಲಿಸಲು ಹೋಗಿ, ಕ್ರಿ.ಶ. 23ರಲ್ಲಿ ದಂಗೆಯಲ್ಲಿ ಸತ್ತಿದ್ದ. ಓದಿದವರಿಗೆಲ್ಲ ಗೊತ್ತಿದ್ದ ಕಥೆ. ಓಯಾಂಗ್ ಷಿಯುನಂಥ ದೊಡ್ಡ ವಿದ್ವಾಂಸರಿಗೆ ಗ್ರಂಥದ ಮೇಲೇ ಅನುಮಾನ ಇತ್ತು. ಇಷ್ಟೆಲ್ಲ ಇದ್ದೂ ವಾಂಗ್ ಅದನ್ನೇ ಹಿಡಿದ, ಅದಕ್ಕೆ ತಾನೇ ಕೂತು ವ್ಯಾಖ್ಯಾನ ಬರೆದ. ಜನರಿಗೆ ಸಾಲ ಕೊಡುವ, ಬಿಕರಿಯಾಗದ ಸರಕು ಕೊಳ್ಳುವ ಒಂದು ಕಚೇರಿಯ ಪ್ರಸ್ತಾಪ ಆ ಗ್ರಂಥದಲ್ಲಿ ನಿಜವಾಗಿಯೂ ಇದೆ.

ರಾಜ ಮೊದಲ ಭೇಟಿಯಲ್ಲಿ 'ತಾಂಗ್ ತಾಯ್‌ಜೋಂಗ್‌ನ ಮಾದರಿ ಹೇಗೆ?' ಅಂತ ಕೇಳಿದ್ದನಂತೆ. ತಾಂಗ್ ವಂಶದ ಅತಿ ಹೆಸರಾದ ದೊರೆ ಅವನು. ವಾಂಗ್ 'ಅವನು ಯಾಕೆ, ಯಾವೋ ಷುನ್‌ರನ್ನೇ ಮಾದರಿ ಇಟ್ಟುಕೊಳ್ಳಿ' ಅಂದ. ಯಾವೋ, ಷುನ್ ಅಂದರೆ ಪುರಾಣ ಕಾಲದ ಆದರ್ಶ ಅರಸರು. ನಾಲ್ಕು ನೂರು ವರ್ಷ ಹಿಂದಿನದು ಸಾಲದು, ಇನ್ನೂ ಹಿಂದೆ ಹೋಗೋಣ ಅನ್ನುವ ಸುಧಾರಕ!

ನಿವೃತ್ತ ಕ್ಯಾಷಿಯರ್:

ಗ್ರಂಥದ ಜಗಳದಲ್ಲಿ ನಾನು ಬಾಯಿ ಹಾಕುವುದಿಲ್ಲ. ಸಾಲದ ವಿಷಯ ಹೇಳುತ್ತೇನೆ. ಅದರಲ್ಲೇ ನೌಕರಿ ಮುಗಿಸಿದವನು ನಾನು.

'ಹಸಿರು ಪೈರಿನ ಸಾಲ' ಅಂತ ಅದರ ಹೆಸರು. ಮನೆಯ ಕಾಳು ತೀರಿದೆ, ಹೊಲದಲ್ಲಿ ಪೈರು ಇನ್ನೂ ಹಸಿರಿದೆ, ಕೈಯಲ್ಲಿ ಕಾಸಿಲ್ಲ. ಆ ಹೊತ್ತಿಗೆ ರೈತ ಲೇವಾದೇವಿಯವನ ಮನೆ ಮುಂದೆ ನಿಲ್ಲುತ್ತಾನೆ. ಅಲ್ಲಿ ಬಡ್ಡಿ ವಿಪರೀತ, ಕೆಲವು ಕಡೆ ಅಸಲಿನಷ್ಟೇ. ಅದರ ಬದಲು ಸರ್ಕಾರ ಕೊಡಲಿ ಅಂತ ವಾಂಗ್ ಯೋಚನೆ. ದುಡ್ಡು ಎಲ್ಲಿಂದ? ಬೆಲೆ ಬಿದ್ದಾಗ ಕಾಳು ಕೊಂಡು, ಏರಿದಾಗ ಮಾರುವ ಸರ್ಕಾರಿ ಕಣಜಗಳಿದ್ದವು. ಅದರ ಬಂಡವಾಳವನ್ನು ಇದಕ್ಕೆ ತಿರುಗಿಸಿದರು. ವರ್ಷಕ್ಕೆ ಎರಡು ಕಂತು, ಒಂದೊಂದಕ್ಕೆ 20 ಶೇಕಡ ಬಡ್ಡಿ, ತೆರಿಗೆಯ ಜೊತೆಗೇ ವಾಪಸ್ ಕಟ್ಟಬೇಕು. ಮನೆಗಳನ್ನು ಆಸ್ತಿ ನೋಡಿ ಐದು ದರ್ಜೆ ಮಾಡಿದ್ದರು. ಅತಿ ಬಡವನಿಗೆ ಒಂದೂವರೆ ಸರ ನಾಣ್ಯ, ಅತಿ ಶ್ರೀಮಂತನಿಗೆ 15 ಸರದವರೆಗೆ. ಒಂದು ಸರ ಅಂದರೆ ಹೆಸರಿಗೆ ಸಾವಿರ ನಾಣ್ಯ. ಕೆಲವು ಮನೆ ಸೇರಿ ಒಬ್ಬರಿಗೊಬ್ಬರು ಜಾಮೀನು.

ವಾಂಗ್ ಇದನ್ನು ಗಾಳಿಯಲ್ಲಿ ಹುಟ್ಟಿಸಲಿಲ್ಲ. 1047ರಿಂದ 1050ರವರೆಗೆ ಈಗಿನ ನಿಂಗ್‌ಬೋ ಹತ್ತಿರ ಒಂದು ತಾಲ್ಲೂಕಿನ ಅಧಿಕಾರಿ ಆಗಿದ್ದಾಗ ಕಣಜದ ಕಾಳನ್ನು ಸಾಲ ಕೊಟ್ಟು ನೋಡಿದ್ದ. ಅಲ್ಲಿ ನಡೆಯಿತು. ಅವನೇ ಎದುರಿಗೆ ನಿಂತಿದ್ದ, ಯಾರು ಏನು ಅಂತ ಗೊತ್ತಿತ್ತು.

ದೇಶಕ್ಕೆಲ್ಲ ಹಬ್ಬಿಸಿದಾಗ ಏನಾಯಿತು? ಎಷ್ಟು ಹಂಚಿದೆ, ಎಷ್ಟು ಬಡ್ಡಿ ತಂದೆ ಅನ್ನುವುದರ ಮೇಲೆ ಅಧಿಕಾರಿಯ ಬಡ್ತಿ ನಿಂತಿತು. ಟಾರ್ಗೆಟ್ ಸ್ವಾಮಿ, ಟಾರ್ಗೆಟ್! ವಸೂಲಿ ಖಾತ್ರಿ ಆಗಲಿ ಅಂತ ಬೇಡ ಅಂದ ಶ್ರೀಮಂತನ ತಲೆಗೂ ಸಾಲ ಕಟ್ಟಿದರು. ಬಡವರ ಗುಂಪಿಗೆ ಅವನನ್ನೇ ಜಾಮೀನು ಹಾಕಿದರು. ಮಾರ್ಚ್ ತಿಂಗಳ ಕೊನೆಯಲ್ಲಿ ನಮ್ಮ ಶಾಖೆಯಲ್ಲಿ ಮ್ಯಾನೇಜರ್ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಒಂದು ಇದೆ. ಸು ಷಿ (ಆ ಕಾಲದ ಹೆಸರಾಂತ ಕವಿ, ಸು ದೋಂಗ್‌ಪೋ ಅಂದರೂ ಇವನೇ) 1086ರ ಒಂದು ಮನವಿಯಲ್ಲಿ ಬರೆದಿದ್ದಾನೆ. ಸಾಲ ಹಂಚುವ ದಿನ ಸರ್ಕಾರದ ಹೆಂಡದ ಅಂಗಡಿಯವರು ಅಲ್ಲೇ ಡೋಲು ಬಾರಿಸಿ, ಹಾಡು ಕುಣಿತದವರನ್ನು ಕರೆಸಿ, ಜೂಜು ಇಟ್ಟು ಕೂರುತ್ತಿದ್ದರಂತೆ. ರೈತ ಸಾಲ ತೆಗೆದುಕೊಂಡವನು ಬರಿಗೈಯಲ್ಲಿ ಊರಿಗೆ ಹೋಗುತ್ತಿದ್ದ. ಸಾಲ ಹಂಚಿದಾಗಲೆಲ್ಲ ಹೆಂಡದ ಆದಾಯ ಏಕ್‌ದಂ ಏರುತ್ತಿತ್ತು ಅಂತ ಸು ಷಿ ಹೇಳುತ್ತಾನೆ. ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ವಾಪಸ್, ಮೇಲೆ ಅಸಲು ಬಡ್ಡಿ ಬೇರೆ ಬಾಕಿ.

ಬೀಜದವ:

ಕ್ಯಾಷಿಯರ್ ಸರ್, ಒಳ್ಳೇ ವಿಷಯ. ನಾನು ಗದ್ದೆ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಸಾಂಗ್ ಕಾಲದಲ್ಲಿ ಜನರ ಹೊಟ್ಟೆಗೆ ನಿಜವಾಗಿ ತಾಗಿದ ಬದಲಾವಣೆಗೆ ಯಾವ ಗ್ರಂಥದ ಹಂಗೂ ಇರಲಿಲ್ಲ. 1012ರಲ್ಲಿ ಯಾಂಗ್‌ಟ್ಸೆ, ಹುವಾಯ್ ನದಿ ಸೀಮೆಯಲ್ಲಿ ಬರ. ಝೆನ್‌ಜೋಂಗ್ ದೊರೆ ಫೂಜಿಯನ್‌ನಿಂದ 30,000 ಹು ಅಳತೆಯ ಭತ್ತದ ಬೀಜ ತರಿಸಿ ಹಂಚಿಸಿದ. ಅದು ಚಂಪಾ ದೇಶದ ತಳಿ, ಅಂದರೆ ಈಗಿನ ವಿಯೆಟ್ನಾಂ ಕಡೆಯದು. ನೀರು ಕಮ್ಮಿ ಸಾಕು, ಬೇಗ ಬಲಿಯುತ್ತದೆ, ಎತ್ತರದ ಹೊಲದಲ್ಲೂ ಬರುತ್ತದೆ. ಬಿತ್ತುವುದು ಹೇಗೆ ಅಂತ ಬರೆಸಿ ಊರೂರಿಗೆ ಅಂಟಿಸಿದರು.

ಆಸ್ಥಾನದಲ್ಲಿ ಯಾರೂ 'ಯಾವೋ ಷುನ್ ಕಾಲದಲ್ಲಿ ಈ ಭತ್ತ ಇತ್ತಾ?' ಅಂತ ಕೇಳಲಿಲ್ಲ. ಇಂಥ ಬೀಜದ ದೆಸೆಯಿಂದ ದಕ್ಷಿಣದ ಗದ್ದೆಗಳಲ್ಲಿ ಎರಡು ಬೆಳೆ ತೆಗೆಯುವುದು ಮುಂದಿನ ಶತಮಾನಗಳಲ್ಲಿ ಹಬ್ಬಿತು. 1100ರ ಹೊತ್ತಿಗೆ ಜನಸಂಖ್ಯೆ ಹತ್ತು ಕೋಟಿ ಆಸುಪಾಸು ಬಂದಿತ್ತು ಅಂತ ಇತಿಹಾಸಕಾರರ ಅಂದಾಜು. ಪಂಡಿತರ ಜಗಳ ಓದಿ ಓದಿ ನಾವು ಇದನ್ನು ಮರೆಯುತ್ತೇವೆ.

ತುಂಗಾತೀರ:

ಎಲ್ಲರೂ ಸಿಮಾ ಗುವಾಂಗ್‌ನನ್ನು ಬರೀ 'ಬೇಡ ಬೇಡ' ಅನ್ನುವ ಮುದುಕ ಅಂತ ಮಾಡಿಬಿಡಬೇಡಿ. ಅವನ ವಾದ ಅಷ್ಟು ಹಗುರ ಅಲ್ಲ.

1068ರಲ್ಲಿ ರಾಜನ ಎದುರೇ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ವಾಂಗ್ ಅಂದ: ಹಣಕಾಸು ಬಲ್ಲವನು ಇದ್ದರೆ ತೆರಿಗೆ ಏರಿಸದೆಯೇ ಖಜಾನೆ ತುಂಬಿಸಬಹುದು. ಸಿಮಾ ಅಂದ: ಅದೆಲ್ಲಿ ಸಾಧ್ಯ, ಲೋಕದಲ್ಲಿ ಇರುವ ಸಂಪತ್ತು ಇಷ್ಟೇ, ಅದು ಜನರ ಹತ್ತಿರ ಇಲ್ಲದಿದ್ದರೆ ಸರ್ಕಾರದ ಹತ್ತಿರ ಇರುತ್ತದೆ, ನೀನು ಹೇಳುವುದು ಉಪಾಯವಾಗಿ ಜನರಿಂದ ಕಿತ್ತುಕೊಳ್ಳುವುದು, ಅದು ತೆರಿಗೆಗಿಂತ ಕೆಟ್ಟದ್ದು. ಸಂಪತ್ತು ಇಷ್ಟೇ ಅನ್ನುವುದು ತಪ್ಪು, ಬೀಜದವರ ಭತ್ತವೇ ಅದಕ್ಕೆ ಸಾಕ್ಷಿ. ಆದರೆ ಎರಡನೇ ಮಾತು? ಕ್ಯಾಷಿಯರ್ ಸರ್ ಬರೆದದ್ದನ್ನು ಓದಿದ ಮೇಲೆ ಅದನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ.

ವಾಂಗ್ ಮೇಲೆ ಬಂದಾಗ ಸಿಮಾ ದೊಡ್ಡ ಹುದ್ದೆ ಬೇಡ ಅಂತ ಲುವೋಯಾಂಗ್‌ಗೆ ಹೋಗಿ ಇತಿಹಾಸ ಬರೆಯುತ್ತಾ ಕೂತ. ಹತ್ತೊಂಬತ್ತು ವರ್ಷದ ಕೆಲಸ 1084ರಲ್ಲಿ ಮುಗಿಯಿತು. ಒಟ್ಟು 294 ಭಾಗ, 1,362 ವರ್ಷದ ಕಥೆ. ಅದಕ್ಕೆ ಹೆಸರಿಟ್ಟವನು, ಮುನ್ನುಡಿ ಬರೆದವನು ಅದೇ ಷೆನ್‌ಜೋಂಗ್. ತನ್ನ ಕಾನೂನನ್ನು ಖಂಡಿಸಿದವನಿಗೆ ರಾಜ ವರ್ಷಗಟ್ಟಲೆ ಸಂಬಳ, ಸಹಾಯಕರು ಎಲ್ಲ ಕೊಟ್ಟಿದ್ದ. ಆಗಿನ ಜಗಳದಲ್ಲಿ ಇನ್ನೂ ಒಂದು ಮರ್ಯಾದೆ ಉಳಿದಿತ್ತು.

ಸಿಮಾ ಎಡವಿದ್ದು ಕೊನೆಗೆ. 1085ರಲ್ಲಿ ಷೆನ್‌ಜೋಂಗ್ ತೀರಿಕೊಂಡ. ಅವನ ತಾಯಿ ರಾಜಮಾತೆ ಗಾವೋ ಆಡಳಿತ ಹಿಡಿದು ಸಿಮಾನನ್ನು ಕರೆಸಿದಳು. ಅವನು ಒಂದೊಂದೇ ಕಾನೂನು ರದ್ದು ಮಾಡುತ್ತಾ ಬಂದ. ಬಿಟ್ಟಿ ಚಾಕರಿಯ ಬದಲು ದುಡ್ಡು ಕಟ್ಟುವ ಪದ್ಧತಿಯನ್ನೂ ಐದೇ ದಿನದಲ್ಲಿ ತೆಗೆದು ಹಳೇ ಪದ್ಧತಿ ತರಬೇಕು ಅಂದ. ವಾಂಗ್‌ನನ್ನು ಹದಿನೈದು ವರ್ಷ ವಿರೋಧಿಸಿದ್ದ ಸು ಷಿಯೇ ಎದ್ದು ನಿಂತು 'ಇದೊಂದನ್ನು ಬಿಡಿ, ಇದು ಜನಕ್ಕೆ ಅನುಕೂಲ' ಅಂದ. ಸಿಮಾ ಕೇಳಲಿಲ್ಲ. ಹಳೇ ಪದ್ಧತಿಯಲ್ಲಿ ಸರದಿ ಬಂದ ಮನೆಯವನು ಸರ್ಕಾರಿ ಸಾಮಾನು ಸಾಗಿಸಬೇಕು, ಉಗ್ರಾಣ ಕಾಯಬೇಕು, ಕಳೆದುಹೋದರೆ ತನ್ನ ಆಸ್ತಿ ಮಾರಿ ತುಂಬಿಕೊಡಬೇಕಿತ್ತು. ಅದು ಗೊತ್ತಿದ್ದೂ ಹಠ.

ಐದು ದಿನದ ಗಡುವನ್ನು ಸರಿಯಾಗಿ ಪಾಲಿಸಿದವನು ಒಬ್ಬನೇ, ಕೈಫೆಂಗ್‌ನ ಆಡಳಿತಾಧಿಕಾರಿ ತ್ಸಾಯ್ ಜಿಂಗ್. ಸಿಮಾ ಖುಷಿಯಾಗಿ 'ಎಲ್ಲರೂ ನಿನ್ನ ಹಾಗಿದ್ದರೆ ಆಗದ್ದೇನಿದೆ' ಅಂದನಂತೆ. ಇದೇ ತ್ಸಾಯ್ ಜಿಂಗ್ ಮುಂದೆ ಹುಯ್‌ಜೋಂಗ್ ದೊರೆಯ ಕಾಲದಲ್ಲಿ ವಾಂಗ್‌ನ ಹೆಸರು ಹೇಳಿಕೊಂಡು ಮುಖ್ಯಮಂತ್ರಿಯಾದ. ಸಿಮಾ ಗುವಾಂಗ್, ಸು ಷಿ ಸೇರಿ 309 ಜನರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ 'ಇವರು ದ್ರೋಹಿಗಳ ಗುಂಪು' ಅಂತ ಸಾರಿದ. ಅಷ್ಟರಲ್ಲಿ ಸಿಮಾ ಸತ್ತು ಹದಿನೆಂಟು ವರ್ಷ ಆಗಿತ್ತು. ಇಂಥವರಿಗೆ ಹಳೆಯದೂ ಅಷ್ಟೇ, ಹೊಸದೂ ಅಷ್ಟೇ.

ಕಾಫಿಪುಡಿ:

ತ್ಸಾಯ್ ಜಿಂಗ್ ಕಥೆ ಓದಿ ನಗು ಬಂತು. ಪ್ರತಿ ಕಚೇರಿಯಲ್ಲೂ ಒಬ್ಬ ಇರುತ್ತಾನೆ ಬಿಡಿ.

ಸರ್ಕಾರಿ ಹುದ್ದೆಗೆ ಜನರನ್ನು ಆರಿಸುವ ಪರೀಕ್ಷೆ ಬಗ್ಗೆ ಯಾರೂ ಬರೆಯಲಿಲ್ಲವಲ್ಲ? ಚೀನಾದ ಸಂಪ್ರದಾಯ ಅಂದರೆ ಮೊದಲು ನೆನಪಾಗುವುದೇ ಅದು.

ಹಳೇಪೇಟೆ:

ಪರೀಕ್ಷೆ ಹಳೆಯದೇ. ಆದರೆ ಅದನ್ನು ಸಾಂಗ್‌ನವರು ಅಡಿಯಿಂದ ಮುಡಿಯವರೆಗೆ ಬದಲಿಸಿದರು. ತಾಂಗ್ ಕಾಲದಲ್ಲಿ ಪರೀಕ್ಷಕನಿಗೆ ಅಭ್ಯರ್ಥಿ ಯಾರು, ಯಾರ ಮಗ, ಎಲ್ಲ ಗೊತ್ತಿರುತ್ತಿತ್ತು. ಮೊದಲೇ ಪದ್ಯ ಕಳಿಸಿ ಪರಿಚಯ ಮಾಡಿಕೊಳ್ಳುವ ರೂಢಿಯೂ ಇತ್ತು. ಸಾಂಗ್‌ನವರು 11ನೇ ಶತಮಾನದ ಮೊದಲ ದಶಕಗಳಲ್ಲಿ ಉತ್ತರ ಪತ್ರಿಕೆಯ ಮೇಲಿನ ಹೆಸರನ್ನು ಕಾಗದ ಅಂಟಿಸಿ ಮುಚ್ಚಿದರು. ಕೈಬರಹ ಗುರುತು ಸಿಗುತ್ತದೆ ಅಂತ ಗುಮಾಸ್ತರನ್ನು ಕೂರಿಸಿ ಇಡೀ ಪತ್ರಿಕೆ ನಕಲು ಮಾಡಿಸಿ, ನಕಲನ್ನು ಮಾತ್ರ ಪರೀಕ್ಷಕರಿಗೆ ಕೊಟ್ಟರು. ಸಾವಿರಾರು ಪತ್ರಿಕೆ, ಒಂದೊಂದು ಅಕ್ಷರವನ್ನೂ ಮತ್ತೆ ಬರೆಯುವುದು. ಯೋಚನೆ ಮಾಡಿ.

1071ರಲ್ಲಿ ವಾಂಗ್ ಪದ್ಯ ಬರೆಯುವ ಭಾಗವನ್ನೇ ತೆಗೆದು, ಗ್ರಂಥಗಳ ಅರ್ಥ ವಿವರಿಸಿ ಅಂದ. 1075ರಲ್ಲಿ ತನ್ನ ವ್ಯಾಖ್ಯಾನವನ್ನೇ ಪಠ್ಯ ಮಾಡಿಸಿದ. ಇಲ್ಲಿ ನಾನು ಅವನ ಪರ ಇಲ್ಲ. ಸು ಷಿಯ ಮಾತು ಮಜವಾಗಿದೆ: ಆಡಳಿತಕ್ಕೆ ಪದ್ಯವೂ ಉಪಯೋಗಕ್ಕಿಲ್ಲ, ಪ್ರಬಂಧವೂ ಉಪಯೋಗಕ್ಕಿಲ್ಲ, ಎರಡೂ ಒಂದೇ, ಇಷ್ಟು ದಿನ ಪದ್ಯ ಬರೆದೇ ಒಳ್ಳೊಳ್ಳೇ ಮಂತ್ರಿಗಳು ಬಂದಿದ್ದಾರಲ್ಲ, ಇರಲಿ ಬಿಡಿ. ಕೊನೆಗೆ ಏನಾಯಿತು ಅಂದರೆ ಹುಡುಗರು ವಾಂಗ್‌ನ ವ್ಯಾಖ್ಯಾನವನ್ನು ಬಾಯಿಪಾಠ ಹೊಡೆದರು. ಗಿಳಿಪಾಠದವರನ್ನು ವಿದ್ವಾಂಸರನ್ನಾಗಿ ಮಾಡಲು ಹೊರಟೆ, ವಿದ್ವಾಂಸರು ಗಿಳಿಪಾಠದವರಾದರು ಅಂತ ಅವನೇ ಮುದಿವಯಸ್ಸಿನಲ್ಲಿ ಕೊರಗಿದನಂತೆ.

ಮಲ್ಲಿಗೆ ಹಂಬು:

ಇಷ್ಟು ಹೊತ್ತಿಂದ ಓದುತ್ತಿದ್ದೇನೆ. ಒಬ್ಬ ರಾಜಮಾತೆ ಬಿಟ್ಟರೆ ಹೆಂಗಸರ ಸುದ್ದಿಯೇ ಇಲ್ಲ!

ಹೆಣ್ಣುಮಕ್ಕಳ ಪಾದ ಬೆಳೆಯದ ಹಾಗೆ ಬಟ್ಟೆ ಬಿಗಿದು ಕಾಲು ಕಟ್ಟುವ ಪದ್ಧತಿ ನೋಡಿ. 'ಚೀನಾದ ಪುರಾತನ ಸಂಪ್ರದಾಯ' ಅಂತ ಎಲ್ಲರೂ ಬರೆಯುತ್ತಾರೆ. ಕನ್‌ಫ್ಯೂಷಿಯಸ್ ಕಾಲದ ಯಾವ ಗ್ರಂಥದಲ್ಲೂ ಅದು ಇಲ್ಲ. ಮೇಲ್ವರ್ಗದ ಮನೆಗಳಲ್ಲಿ ಹಬ್ಬಿದ್ದು ಇದೇ ಸಾಂಗ್ ಕಾಲದಲ್ಲಿ. ಫೂಝೌ ಊರಲ್ಲಿ ಹುವಾಂಗ್ ಷೆಂಗ್ ಎಂಬ ಹುಡುಗಿಯ ಗೋರಿ ಸಿಕ್ಕಿದೆ. ಅಧಿಕಾರಿ ಮನೆತನದವಳು, ಮದುವೆಯಾದ ಸ್ವಲ್ಪ ದಿನಕ್ಕೇ 1243ರಲ್ಲಿ ತೀರಿಕೊಂಡಳು. ವಯಸ್ಸು ಹದಿನೇಳು. ಗೋರಿಯಲ್ಲಿ ರಾಶಿ ರಾಶಿ ರೇಷ್ಮೆ ಬಟ್ಟೆ, ಗಾಳಿಯಂಥ ತೆಳು ನೇಯ್ಗೆಯವು. ಜೊತೆಗೆ ಅವಳ ಚಪ್ಪಲಿಗಳು, ಹದಿನಾಲ್ಕು ಸೆಂಟಿಮೀಟರ್ ಆಸುಪಾಸು ಉದ್ದ. ನಿಮ್ಮ ಮೊಬೈಲ್ ಪಕ್ಕಕ್ಕೆ ಇಟ್ಟು ನೋಡಿ, ಹೆಚ್ಚು ಕಮ್ಮಿ ಅಷ್ಟೇ.

ಆಗಲೇ ಬೇಡ ಅಂದವನೂ ಇದ್ದ. 13ನೇ ಶತಮಾನದ ಛೆ ರುವೋಷುಯ್ ಎಂಬ ವಿದ್ವಾಂಸ, ನಾಲ್ಕೈದು ವರ್ಷ ತುಂಬದ, ಏನೂ ತಪ್ಪು ಮಾಡದ ಕೂಸಿಗೆ ಇಷ್ಟು ಹಿಂಸೆ ಯಾಕೆ, ಕಾಲು ಚಿಕ್ಕದಾಗಿ ಏನಾಗಬೇಕಿದೆ ಅಂತ ಬರೆದ. ಇದು ಯಾವಾಗ ಶುರುವಾಯಿತೋ ಗೊತ್ತಿಲ್ಲ ಅಂತಲೂ ಅಂದ. ಅಷ್ಟರಲ್ಲೇ ಜನಕ್ಕೆ ಮೊದಲಿನಿಂದ ಇದ್ದದ್ದು ಅನ್ನಿಸತೊಡಗಿತ್ತು.

ವಿಧವೆಯರ ವಿಷಯವೂ ಹಾಗೆ. 'ಹಸಿದು ಸಾಯುವುದು ಸಣ್ಣ ವಿಷಯ, ಶೀಲ ಕಳೆದುಕೊಳ್ಳುವುದು ದೊಡ್ಡ ವಿಷಯ' ಅಂದವನು ಚೆಂಗ್ ಯಿ ಎಂಬ ಪಂಡಿತ (1033ರಿಂದ 1107). ಮುಂದಿನ ಶತಮಾನಗಳಲ್ಲಿ ಈ ಒಂದು ಮಾತು ಎಷ್ಟು ಹೆಂಗಸರ ಬದುಕು ತಿಂದಿತೋ. ಆದರೆ ಅದೇ ಚೆಂಗ್ ಯಿ ತನ್ನ ಅಪ್ಪನ ಜೀವನ ಚರಿತ್ರೆ ಬರೆಯುವಾಗ, ಅಪ್ಪ ವಿಧವೆಯಾದ ಸಂಬಂಧಿಕರ ಹುಡುಗಿಯನ್ನು ಮನೆಗೆ ಕರೆತಂದು ಮತ್ತೆ ಮದುವೆ ಮಾಡಿಸಿದ ಅಂತ ಹೊಗಳಿ ಬರೆದಿದ್ದಾನೆ! ಸಾಂಗ್ ಕಾಲದಲ್ಲಿ ವಿಧವೆಯರ ಮರುಮದುವೆ ನಡೆಯುತ್ತಲೇ ಇತ್ತು. ಕವಯಿತ್ರಿ ಲಿ ಚಿಂಗ್‌ಝಾವೋ ಐವತ್ತರ ಹತ್ತಿರ ಮತ್ತೆ ಮದುವೆಯಾದಳು, ಗಂಡ ಸರಿಯಿಲ್ಲ ಅಂತ ಕೆಲವೇ ತಿಂಗಳಲ್ಲಿ ಅವನ ಮೇಲೆ ದೂರು ಕೊಟ್ಟು ಬಿಡಿಸಿಕೊಂಡಳು. ನೂರಾರು ವರ್ಷ ಆಮೇಲೆ ಬಂದ ಚಿಂಗ್ ವಂಶದ ಕಾಲದ ಕೆಲವು ಪಂಡಿತರಿಗೆ ಇದನ್ನು ನಂಬುವುದಕ್ಕೇ ಆಗಲಿಲ್ಲ. ಅಂಥ ದೊಡ್ಡ ಕವಿ ಮರುಮದುವೆ ಆಗಿರಲಾರಳು ಅಂತ ವಾದಿಸಿದರು.

ಹಾಗಾಗಿ ಹಳೇಪೇಟೆಯವರೇ, 'ಹಳೆಯದರ ಹೆಸರಲ್ಲಿ ಹೊಸದು' ಅನ್ನುವ ನಿಮ್ಮ ಮಾತು ಸುಧಾರಕರಿಗೆ ಮಾತ್ರ ಅಲ್ಲ. ಹೊಸ ಹಿಂಸೆಗೂ ಹಳೇ ಹೆಸರು ಬಹಳ ಬೇಗ ಸಿಗುತ್ತದೆ.

ತುಂಗಾತೀರ:

ಮಲ್ಲಿಗೆಯವರೇ, ಚೆಂಗ್ ಯಿ ಅಪ್ಪನ ವಿಷಯವನ್ನು ಮುಂದಿನ ಶತಮಾನದಲ್ಲಿ ಅದೇ ಪಂಥದ ದೊಡ್ಡ ಪಂಡಿತ ಝು ಶಿ ಹತ್ತಿರ ಅವನ ಶಿಷ್ಯರು ಕೇಳಿದ್ದರು. ಗುರುವಿನ ಮಾತಿಗೂ ಮನೆಯಲ್ಲಿ ನಡೆದದ್ದಕ್ಕೂ ಹೊಂದುವುದಿಲ್ಲವಲ್ಲ ಅಂತ. ತತ್ವ ಇರುವುದು ಹಾಗೇ, ಎಲ್ಲರಿಗೂ ಪೂರ್ತಿ ಪಾಲಿಸಲು ಆಗುವುದಿಲ್ಲ ಅಂತ ಝು ಶಿ ಜಾರಿಕೊಂಡ.

ನಿವೃತ್ತ ಕ್ಯಾಷಿಯರ್:

ವಾಂಗ್‌ನ ಸಾಲ ಆಮೇಲೆ ಏನಾಯಿತು? ಪೂರ್ತಿ ಮುಚ್ಚಿತಾ?

ಹಳೇಪೇಟೆ:

ಕ್ಯಾಷಿಯರ್ ಸರ್, ಇದು ನಿಮಗೆ ಹಿಡಿಸುವ ಭಾಗ. ನೂರು ವರ್ಷ ಆದ ಮೇಲೆ ಸಿಮಾ ಗುವಾಂಗ್ ಕಡೆಯವರು ಅನ್ನಬಹುದಾದ ಝು ಶಿ (1130ರಿಂದ 1200) ಅದನ್ನೇ ಬೇರೆ ರೂಪದಲ್ಲಿ ಮತ್ತೆ ತಂದ. ಫೂಜಿಯನ್‌ನ ತನ್ನ ಸೀಮೆಯಲ್ಲಿ 1168ರಲ್ಲಿ ಬರ ಬಂದಾಗ ಜಿಲ್ಲಾ ಆಡಳಿತದಿಂದ 600 ಷಿ ಅಳತೆಯ ಕಾಳು ತೆಗೆದುಕೊಂಡು ಹಂಚಿದ. ಜನ ಸುಗ್ಗಿಯಲ್ಲಿ ವಾಪಸ್ ಕೊಟ್ಟದ್ದನ್ನು ಊರಲ್ಲೇ ಇಟ್ಟು 'ಊರ ಕಣಜ' ಕಟ್ಟಿದ. ಬಡ್ಡಿ? 20 ಶೇಕಡವೇ! ಹದಿನಾಲ್ಕು ವರ್ಷದ ಹೊತ್ತಿಗೆ ಅಸಲು 600 ಷಿ ಜಿಲ್ಲೆಗೆ ವಾಪಸ್ ಹೋಗಿ, ಕಣಜದಲ್ಲಿ 3,100 ಷಿ ಉಳಿದಿತ್ತು. ಅಲ್ಲಿಂದ ಮುಂದೆ ಬಡ್ಡಿ ನಿಲ್ಲಿಸಿ, ಇಲಿ ಹೆಗ್ಗಣ ತಿಂದದ್ದು, ಒಣಗಿದ್ದು ಅಂತ 100ಕ್ಕೆ 3ರಷ್ಟು ಮಾತ್ರ ತೆಗೆದುಕೊಂಡರು.

ಜನ ಕೇಳಿದರು, ಇದು ವಾಂಗ್‌ನ ಹಸಿರು ಪೈರಿನ ಸಾಲವೇ ಅಲ್ವಾ ಅಂತ. ಝು ಶಿ 1185ರಲ್ಲಿ ಉತ್ತರ ಬರೆದ. ವಾಂಗ್‌ನ ಉದ್ದೇಶ ಕೆಟ್ಟದ್ದಲ್ಲ ಅಂತ ಮೊದಲು ಒಪ್ಪಿಕೊಂಡ. ಆದರೆ ವಾಂಗ್ ಕಾಳು ಕೊಡಲಿಲ್ಲ, ದುಡ್ಡು ಕೊಟ್ಟ. ಹಳ್ಳಿಯಲ್ಲಿ ಇಡಲಿಲ್ಲ, ತಾಲ್ಲೂಕಿನಲ್ಲಿ ಇಟ್ಟ. ಊರಿನ ತಿಳಿದವರ ಕೈಗೆ ಕೊಡಲಿಲ್ಲ, ನೌಕರರ ಕೈಗೆ ಕೊಟ್ಟ. ಮರುಕದಿಂದ ಮಾಡಲಿಲ್ಲ, ವಸೂಲಿಯ ಆತುರದಲ್ಲಿ ಮಾಡಿದ. ಅದಕ್ಕೇ ಒಂದು ತಾಲ್ಲೂಕಿನಲ್ಲಿ ನಡೆದದ್ದು ದೇಶದಲ್ಲಿ ನಡೆಯಲಿಲ್ಲ ಅಂತ. ಇಡೀ ಜಗಳದಲ್ಲಿ ನನಗೆ ಅತಿ ಬುದ್ಧಿವಂತಿಕೆಯ ಮಾತು ಅನ್ನಿಸಿದ್ದು ಇದು.

ಕಾಫಿಪುಡಿ:

ಒಪ್ಪಿದೆ, ಇದು ನೆಪ ಅನ್ನುವುದಕ್ಕಿಂತ ದೊಡ್ಡದು. ಆದರೆ ಝು ಶಿಯೇ ಆಮೇಲೆ 'ಸಂಪ್ರದಾಯ' ಆಗಿಬಿಟ್ಟ ಅಲ್ವಾ?

ತುಂಗಾತೀರ:

ಆದ. ಅದರ ದಾರಿ ಮಾತ್ರ ವಿಚಿತ್ರ. 1190ರ ದಶಕದ ಕೊನೆಯಲ್ಲಿ ಅವನ ಪಂಥವನ್ನು 'ಸುಳ್ಳು ವಿದ್ಯೆ' ಅಂತ ನಿಷೇಧಿಸಿದ್ದರು. ಸಾಯುವಾಗಲೂ ಕಳಂಕ ಹೋಗಿರಲಿಲ್ಲ. 1313ರಲ್ಲಿ ಮಂಗೋಲರ ಆಸ್ಥಾನ ಅವನ ವ್ಯಾಖ್ಯಾನಗಳನ್ನು ಪರೀಕ್ಷೆಗೆ ಪಠ್ಯ ಮಾಡಿತು. 1905ರಲ್ಲಿ ಪರೀಕ್ಷೆಯೇ ನಿಲ್ಲುವವರೆಗೂ ಅದು ಉಳಿಯಿತು.

ಕನ್‌ಫ್ಯೂಷಿಯಸ್ ದೇವಾಲಯದಲ್ಲಿ ಯಾರ ಫಲಕ ಇಡಬೇಕು ಅನ್ನುವುದನ್ನು ನೋಡಿದರೂ ಸಾಕು. 1104ರಲ್ಲಿ ವಾಂಗ್ ಅನ್‌ಷಿಯನ್ನು ಕನ್‌ಫ್ಯೂಷಿಯಸ್ ಪಂಥದ ಪ್ರಾಚೀನ ಗುರು ಮೆನ್‌ಷಿಯಸ್ ಪಕ್ಕ ಕೂರಿಸಿದರು. 1126ರಲ್ಲಿ ಉತ್ತರದಿಂದ ಬಂದ ಜುರ್ಚೆನರ ದಾಳಿಗೆ ರಾಜಧಾನಿ ಬೀಳುವ ಹೊತ್ತಿಗೆ ತಪ್ಪೆಲ್ಲ ಅವನ ತಲೆಗೆ ಬಂತು, ಕೆಳಗಿನ ಸಾಲಿಗೆ ಇಳಿಸಿದರು. 1241ರಲ್ಲಿ ಲಿಜೋಂಗ್ ದೊರೆ ಪೂರ್ತಿ ಹೊರಗೆ ಹಾಕಿಸಿ, ಚೆಂಗ್ ಸಹೋದರರು, ಝು ಶಿ ಮುಂತಾದವರನ್ನು ಒಳಗೆ ತಂದ. ಆಜ್ಞೆಯಲ್ಲಿ ಕೊಟ್ಟ ಕಾರಣ ಏನು ಗೊತ್ತಾ? ಕಾಫಿಪುಡಿಯವರು ಹೇಳಿದ ಅದೇ ಮೂರು ಮಾತು.

ನಿವೃತ್ತ ಕ್ಯಾಷಿಯರ್:

3,100 ಷಿ ಲೆಕ್ಕ ಸರಿ ಕಾಣುತ್ತದೆ, 20 ಶೇಕಡದಲ್ಲಿ ಅಷ್ಟು ಬೆಳೆಯುತ್ತದೆ. ಆದರೆ ಝು ಶಿ ಎದುರಿಗೆ ಇದ್ದಾಗ ನಡೆಯಿತು, ವಾಂಗ್ ತನ್ನ ತಾಲ್ಲೂಕಿನಲ್ಲಿ ಇದ್ದಾಗಲೂ ನಡೆಯಿತು. ಅವನು ಹೋದ ಮೇಲೆ?

ಹಳೇಪೇಟೆ:

ನಿಮ್ಮ ಅನುಮಾನ ಸರಿ ಸರ್. 13ನೇ ಶತಮಾನದಲ್ಲಿ ಗುವಾಂಗ್‌ದೆ ಎಂಬ ಕಡೆ ಊರ ಕಣಜದ ಬಡ್ಡಿ ಕಟ್ಟಲಾಗದೆ ಜನ ನೇಣು ಹಾಕಿಕೊಳ್ಳುವ ಮಟ್ಟಕ್ಕೆ ಬಂದಿತ್ತು. ಆದರೂ ಯಾರೂ ತುಟಿ ಬಿಚ್ಚಲಿಲ್ಲ. ಝು ಶಿ ಮಾಡಿದ ಕಾನೂನು ಅಲ್ವಾ, ಮುಟ್ಟುವವರು ಯಾರು! ಅಲ್ಲಿಗೆ ಹುವಾಂಗ್ ಝೆನ್ ಎಂಬ ಅಧಿಕಾರಿ ಬಂದ. ಅವನೇನು ಝು ಶಿ ವಿರೋಧಿ ಅಲ್ಲ, ಅದೇ ಪಂಥದವನು. ಯಾವೋ ಷುನ್‌ರಂಥ ಮಹಾತ್ಮರ ಕಾನೂನನ್ನೇ ಕಾಲಕ್ಕೆ ತಕ್ಕ ಹಾಗೆ ತಿದ್ದಿದ್ದಾರೆ, ನಮ್ಮ ಹಿರಿಯ ಪಂಡಿತರೊಬ್ಬರು ಮಾಡಿದ್ದರಲ್ಲಿ ದೋಷ ಕಂಡರೆ ಸರಿಪಡಿಸಬಾರದಾ ಅಂದ. 600 ಮು ಅಳತೆಯ ಹೊಲ ಕೊಂಡು, ಅದರ ಗೇಣಿಯನ್ನು ಬಡ್ಡಿಯ ಜಾಗಕ್ಕೆ ಹಾಕಿದ. ಬರ ಬಂದ ವರ್ಷ ಬಿಟ್ಟು ಬೇರೆ ಯಾವಾಗಲೂ ಸಾಲ ಇಲ್ಲ, ಕೊಟ್ಟರೆ ಬಡ್ಡಿ ಇಲ್ಲ.

ನಿವೃತ್ತ ಕ್ಯಾಷಿಯರ್:

ಬಡ್ಡಿ ಇಲ್ಲ, ಬರದ ವರ್ಷಕ್ಕೆ ಮಾತ್ರ. ಕಾಗದದ ಮೇಲೆ ನನಗೆ ಇದೇ ಹಿಡಿಸಿತು. ಆ 600 ಮು ಹೊಲದ ಗೇಣಿ ವಸೂಲಿಗೆ ಯಾರನ್ನು ಹಾಕಿದ್ದರು, ಅದನ್ನು ಹೇಳಿ ಮೊದಲು.